ಪರದೆ ಬಿದ್ದ ಮೇಲೆ ಮನೆ ಎಲ್ಲಿ?

ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ ನೀವೂ ಒಮ್ಮೆಯಾದರೂ ಉಂಡಿರುತ್ತೀರಿ. ಬಿಸಿ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ. ಆದರೆ ಒಳಗೆ ಒಲೆ ಮುಂದೆ ಕೂತು ಆ ರೊಟ್ಟಿ ಬಡಿಯುವವರು ಯಾರು ಅಂತ ಬಗ್ಗಿ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಹೋದ ವಾರ ಮಧ್ಯಾಹ್ನ ಒಳಗಿನಿಂದ ಒಂದು ದನಿ ಬಂತು. "ಯಾರಲ್ಲಿ! ಹಿಟ್ಟು ತೀರೇತಿ!"

ಊಟಕ್ಕೆ ಕೂತವರೆಲ್ಲ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೈಕಿಲ್ಲದೆ ನೆಲದ ಕ್ಲಾಸಿನ ಕೊನೆಯವರೆಗೆ ಮುಟ್ಟುವ ಗಂಟಲು ಅದು. ಪಿಯುಸಿ ಓದುವಾಗ ಕಾಲೇಜು ತಪ್ಪಿಸಿ ಬನಶಂಕರಿ ಜಾತ್ರೆಯಲ್ಲಿ ಒಂದೇ ದಿನಕ್ಕೆ ಮೂರು ಕಂಪನಿಯ ನಾಟಕ ನೋಡಿದವನು ನಾನು. (ಪಿಯುಸಿ ಆಗಲಿಲ್ಲ, ಆ ಮಾತು ಬೇರೆ!) ಊಟ ಮುಗಿಸಿ ಒಳಗೆ ಹೋಗಿ ಕೇಳಿದೆ.

"ಹೌದ್ರಿ, ನಾಟಕ ಕಂಪನ್ಯಾಗ ಇದ್ದೆ."

"ಎಷ್ಟು ವರ್ಷ ಇದ್ರಿ ಅಮ್ಮಾರ?"

"ಹುಟ್ಟಿದಾಗಿಂದ."

ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು ಅರವತ್ತೆರಡು ಇರಬಹುದು ಎನ್ನುತ್ತಾರೆ. ಈ "ಇರಬಹುದು" ಎಂಬ ಮಾತೇ ಅವರ ಇವತ್ತಿನ ತಾಪತ್ರಯಕ್ಕೆಲ್ಲ ಮೂಲ.

ಮೂರು ತಿಂಗಳಿಗೊಂದು ಊರು

ನಾಟಕ ಕಂಪನಿ ಎಂದರೆ ನಮಗೆ ರಾತ್ರಿಯ ಮೂರು ತಾಸು. ಒಳಗಿದ್ದವರಿಗೆ ಅದೇ ಊರು, ಅದೇ ಮನೆ. ಒಂದು ಊರಿನಲ್ಲಿ ಕಲೆಕ್ಷನ್ ಇರುವ ತನಕ ಕ್ಯಾಂಪ್. ಎರಡು ತಿಂಗಳಾಗಬಹುದು, ನಾಲ್ಕು ತಿಂಗಳಾಗಬಹುದು. ಜನ ಬರುವುದು ನಿಂತಿತೋ, ತಗಡು, ಗಳ, ಪರದೆ, ಕುರ್ಚಿ, ಪಾತ್ರೆ ಎಲ್ಲ ಲಾರಿಗೆ. ಮ್ಯಾನೇಜರ್ ಮುಂಚೆಯೇ ಹೋಗಿ ಜಾಗದ ಬಾಡಿಗೆ, ಪೊಲೀಸ್ ಪರವಾನಗಿ, ಕರೆಂಟು ಎಲ್ಲ ನೋಡಿಕೊಂಡು ಬಂದಿರುತ್ತಾರೆ. ಸಾಮಾನು ಹೇರಿದ ಲಾರಿಯ ಮೇಲೇ ಹೆಂಗಸರು, ಮಕ್ಕಳು, ಹಾರ್ಮೋನಿಯಂ.

ಸ್ಟೇಜಿನ ಹಿಂದೆ ತಗಡಿನ ಗೋಡೆ, ಸೀರೆಯ ಬಾಗಿಲು. ಒಂದೊಂದು ಸಂಸಾರಕ್ಕೆ ಎಂಟಡಿ ಹತ್ತಡಿ ಜಾಗ. ಊಟ ಕಂಪನಿಯದು. ಪಗಾರದಲ್ಲಿ ಅಡ್ವಾನ್ಸ್ ಮುರಿದುಕೊಳ್ಳುವುದು, ಮದುವೆಗೋ ಬಾಣಂತನಕ್ಕೋ ಮತ್ತೆ ಅಡ್ವಾನ್ಸ್ ತೆಗೆದುಕೊಳ್ಳುವುದು. ಮಳೆಗಾಲ ಬಂತೆಂದರೆ ಎಲ್ಲರ ಎದೆಯಲ್ಲೂ ಡವಡವ. ಜನ ಬಾರದ ರಾತ್ರಿ ಮಾಲೀಕನಿಗೂ ನಿದ್ದೆಯಿಲ್ಲ, ನಟನಿಗೂ ನಿದ್ದೆಯಿಲ್ಲ.

"ನಮ್ಮವ್ವ ಬಣ್ಣ ಹಚ್ಚಿಕೊಂಡೇ ನನಗ ಹಾಲು ಕುಡಿಸ್ಯಾಳ್ರಿ. ಐದು ವರ್ಷಕ್ಕ ಲೋಹಿತಾಶ್ವನ ಪಾರ್ಟು ಮಾಡ್ದೆ. ಹಾವು ಕಡದು ಸಾಯೂ ಸೀನು. ಸತ್ತು ಬಿದ್ದಾಕಿ ಹಂಗ ನಿದ್ದಿ ಹೋಗಿಬಿಡತಿದ್ದೆ. ಜನ ಏನು ಆಕ್ಟಿಂಗ್ ಅಂತ ಚಪ್ಪಾಳಿ ಹೊಡೀತಿದ್ರು."

ಆಮೇಲೆ ನಾಯಕಿ, ಆಮೇಲೆ ಹಾಸ್ಯದ ಜೋಡಿ, ಕೊನೆಗೆ ತಾಯಿ ಪಾತ್ರ. ಕಂಪನಿಯ ಹೆಣ್ಣುಮಗಳಿಗೆ ವಯಸ್ಸು ಲೆಕ್ಕವಾಗುವುದು ಹೀಗೆ. ಗಂಡ ಕಂಪನಿಯ ತಬಲಾ ಮಾಸ್ತರ. 2014ರಲ್ಲಿ ತೀರಿಕೊಂಡರು. ಆ ದಿನವೂ ರಾತ್ರಿ ನಾಟಕ ಇತ್ತು, ತಬಲಾಕ್ಕೆ ಬೇರೆಯವರನ್ನು ಕೂಡಿಸಿದರು. ಇದ್ದೊಬ್ಬ ಮಗಳನ್ನು ಶಾಲೆಯ ಸಲುವಾಗಿ ಆರನೇ ವರ್ಷಕ್ಕೇ ಇಳಕಲ್ಲಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ವರ್ಷಕ್ಕೆ ಹದಿನೈದು ದಿನ ತಾಯಿಯ ಮುಖ ನೋಡಿದ ಮಗಳು ಅವಳು. ಈಗ ಹುಬ್ಬಳ್ಳಿಯಲ್ಲಿ ಗಂಡನ ಮನೆ. "ಫೋನ್ ಮಾಡ್ತಾಳ್ರಿ. ಮಾತಾಡಾಕ ಇಬ್ಬರಿಗೂ ಏನೂ ಇರೂದುಲ್ಲ."

ಹೆಸರಾದವರು, ಆಗದವರು

ಓದುಗರೇ, ಇದೇನು ಸಣ್ಣಪುಟ್ಟ ಲೋಕವಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ರಾಜಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಆ ಕಂಪನಿಯ ನಟರು. ರಾಜಕುಮಾರ್ ಕೂಡ ಅಲ್ಲೇ ಬಣ್ಣ ಹಚ್ಚಿ, 1954ರಲ್ಲಿ 'ಬೇಡರ ಕಣ್ಣಪ್ಪ'ನಿಂದ ಸಿನಿಮಾಕ್ಕೆ ನಾಯಕರಾದರು. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದೂ ಗುಬ್ಬಿ ಕಂಪನಿಯನ್ನೇ. ನಮ್ಮ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರು ಕಂಪನಿಗೆ ಬರೆದ 'ಸಂಪತ್ತಿಗೆ ಸವಾಲ್' 1974ರಲ್ಲಿ ಸಿನಿಮಾ ಆಗಿ ಊರೂರಲ್ಲಿ ಓಡಿತು. ಕಲಾವೈಭವ ನಾಟ್ಯ ಸಂಘ ಕಟ್ಟಿದ ಏಣಗಿ ಬಾಳಪ್ಪನವರು 103 ವರ್ಷ ಬಾಳಿ 2017ರಲ್ಲಿ ತೀರಿಕೊಂಡರು. ಅವರ ಬದುಕಿನ ಕಥೆಯನ್ನು ಗಣೇಶ ಅಮೀನಗಡ ಅವರು ಪುಸ್ತಕ ಮಾಡಿದ್ದಾರೆ.

ಇವರೆಲ್ಲ ದೊಡ್ಡವರು, ದೊಡ್ಡವರ ಹೆಸರು ಉಳಿಯಿತು. ಪರದೆ ಎಳೆದವನು, ಸೀನು ಬರೆದವನು, ರಾತ್ರಿ ಸಖಿಯಾಗಿ ಹಗಲು ಕಂಪನಿಯ ಅನ್ನ ಬಸಿದವಳು, ಇವರು ಕಂಪನಿ ಬಿಟ್ಟ ಮೇಲೆ ಎಲ್ಲಿಗೆ ಹೋದರು? ಅದನ್ನು ಯಾರೂ ಬರೆದಿಟ್ಟಿಲ್ಲ.

ಬಂದ್ ಆದ ರಾತ್ರಿ

2020ರ ಮಾರ್ಚ್. ಶಿರಸಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಈ ಜಾತ್ರೆಯೆಂದರೆ ಕಂಪನಿಗಳಿಗೆ ಸುಗ್ಗಿ. ಅಮ್ಮನವರ ಕಂಪನಿಯೂ ಅಲ್ಲೇ ಇತ್ತು. ಜಾತ್ರೆ ಮುಗಿಯಿತು, ಇನ್ನೂ ಕೆಲವು ದಿನ ಆಟ ಆಡಿ ಹೊರಡೋಣ ಎಂದುಕೊಳ್ಳುವಾಗಲೇ 14ನೇ ತಾರೀಖಿನಿಂದ ಸಿನಿಮಾ ಥಿಯೇಟರ್, ಜಾತ್ರೆ, ಸಭೆ ಸಮಾರಂಭ ಎಲ್ಲ ಬಂದ್ ಎಂದು ಸರ್ಕಾರ ಹೇಳಿತು. ಒಂದು ವಾರ ಎಂದರು. 25ರಿಂದ ದೇಶವೇ ಬಂದ್ ಆಯಿತು.

ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿ ಎಂದರು ಮಾಲೀಕರು. ಅವರನ್ನು ದೂರುವಂತಿಲ್ಲ, ಅವರ ಕೈಯೂ ಬರಿದಾಗಿತ್ತು. ಊರಿದ್ದವರು ಹೋದರು. "ನನಗ ಯಾವ ಊರ್ರಿ? ಅವ್ವ ಸತ್ತಿದ್ದು ಗದಗ ಕ್ಯಾಂಪಿನಾಗ. ನಾ ಹುಟ್ಟಿದ್ದು ಕೊಪ್ಪಳನೋ ಕುಷ್ಟಗಿನೋ, ಅದೂ ಪಕ್ಕಾ ಇಲ್ಲ."

ಗೊತ್ತಿದ್ದ ಮೇಕಪ್ ಮಾಸ್ತರರೊಬ್ಬರ ಆಸರೆಯಲ್ಲಿ ನಮ್ಮ ಊರಿಗೆ ಬಂದರು. ನಾಲ್ಕು ತಿಂಗಳು ಅವರ ಪಡಸಾಲೆಯಲ್ಲಿ. ಆಮೇಲೆ ಬಾಡಿಗೆ ಮನೆ ಹುಡುಕಾಟ. ಮೊದಲನೇ ಮನೆಯವರು "ಏನು ಮಾಡ್ತಿದ್ರಿ?" ಎಂದರು. ನಾಟಕ ಎಂದ ಕೂಡಲೇ ಮನೆ ಖಾಲಿ ಇಲ್ಲ ಎಂದರು. ಎರಡನೇ ಮನೆಯಲ್ಲೂ ಅದೇ. ಮೂರನೇ ಮನೆಯಲ್ಲಿ ಯಜಮಾನರು ಇವರ ನಾಟಕ ನೋಡಿದ್ದವರಂತೆ, ಡೈಲಾಗು ಹೇಳಿಸಿ ಕೇಳಿದರಂತೆ, ಚಹಾ ಕೊಟ್ಟರಂತೆ. ಮನೆ ಕೊಡಲಿಲ್ಲ. ನಾಲ್ಕನೇ ಮನೆಯಲ್ಲಿ ಖಾನಾವಳಿಯಲ್ಲಿ ರೊಟ್ಟಿ ಮಾಡುತ್ತೇನೆ ಎಂದಷ್ಟೇ ಹೇಳಿದರು. ಸಿಕ್ಕಿತು.

ಆ ಕೋಣೆಗೂ ಹೋಗಿದ್ದೆ. ಮಂಚದ ಕೆಳಗೆ ತಗಡಿನ ಟ್ರಂಕು, ಮೇಲೆ ಸುತ್ತಿಟ್ಟ ಹಾಸಿಗೆ. ಕ್ಯಾಲೆಂಡರ್ ಕಿಟಕಿಯ ಸರಳಿಗೆ ಕಟ್ಟಿದೆ. ಗೋಡೆಗೆ ಒಂದು ಮೊಳೆ ಹೊಡೆಯಬಾರದೇ ಎಂದೆ. "ಮೊಳಿ ಹೊಡ್ಯಾಕ ಕೈ ಬರೂದುಲ್ಲ ತಮ್ಮಾ. ಮತ್ತ ಕೀಳೂದ ಅಲ್ಲೇನು ಅನಸ್ತೈತಿ." ಐದಾರು ವರ್ಷವಾಯಿತು ಆ ಕೋಣೆಯಲ್ಲಿ! ರಾತ್ರಿ ಎರಡರ ತನಕ ನಿದ್ದೆ ಹತ್ತುವುದಿಲ್ಲ, ನಾಟಕ ಬಿಡುತ್ತಿದ್ದ ಹೊತ್ತು ಅದು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಗದ್ದಲ ಕಂಡರೆ ಇವತ್ತು ಕಲೆಕ್ಷನ್ ಜೋರು ಎಂದು ಮನಸ್ಸು ಎಣಿಸುತ್ತದಂತೆ.

ಎರಡು ಹೆಸರಿನ ತಾಪತ್ರಯ

ಈಗ ಅಸಲು ವಿಷಯಕ್ಕೆ ಬರೋಣ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಉಂಟು. ಸರ್ಕಾರ ಕಣ್ಣು ಮುಚ್ಚಿ ಕೂತಿದೆ ಎನ್ನಲಾಗದು. ವೃತ್ತಿ ರಂಗಭೂಮಿಯವರಿಗೆಂದು ಗುಬ್ಬಿ ವೀರಣ್ಣ ಪ್ರಶಸ್ತಿ ಇದೆ, ದಾವಣಗೆರೆಯಲ್ಲಿ ವೃತ್ತಿ ರಂಗಭೂಮಿಗೆಂದೇ ರಂಗಾಯಣ ಇದೆ. ಆದರೆ ಮಾಸಾಶನದ ಅರ್ಜಿ ಎಂದರೆ ವಯಸ್ಸಿನ ದಾಖಲೆ ಬೇಕು, ವಿಳಾಸ ಬೇಕು, ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆ ಎಂಬುದಕ್ಕೆ ಕಾಗದ ಬೇಕು. ಮೂರು ತಿಂಗಳಿಗೊಂದು ಊರು ಬದಲಿಸಿದವರು ಕಾಗದ ಎಲ್ಲಿಂದ ತರಬೇಕು? ಇವರು ಶಾಲೆಯ ಮುಖ ನೋಡಿಲ್ಲ. ಮಾಲೀಕರು ತೀರಿಕೊಂಡಿದ್ದಾರೆ, ಕಂಪನಿ ನಿಂತಿದೆ, ಪಗಾರದ ಪುಸ್ತಕ ಗೆದ್ದಲು ತಿಂದಿದೆ.

ಉಳಿದದ್ದು ಹ್ಯಾಂಡ್‌ಬಿಲ್ ಮಾತ್ರ. ಟ್ರಂಕು ತೆಗೆದು ತೋರಿಸಿದರು. ಗುಲಾಬಿ, ಹಳದಿ, ಹಸಿರು ಕಾಗದ, ಒಟ್ಟು ಹನ್ನೊಂದು. ನಾಲ್ಕರಲ್ಲಿ "ಮತ್ತು ಸಹ ಕಲಾವಿದೆಯರು" ಎಂದಷ್ಟೇ ಇದೆ. ಏಳರಲ್ಲಿ ಹೆಸರು ಇದೆ, ಆದರೆ ಕಂಪನಿ ಇಟ್ಟ ಹೆಸರು. ಆಧಾರ್ ಕಾರ್ಡಿನಲ್ಲಿ ತಾಯಿ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಎಂದು ಹೇಳುವವರು ಯಾರು? ಅರ್ಜಿ ಕೊಟ್ಟು ಎರಡು ವರ್ಷವಾಯಿತು. ದಾಖಲೆ ಸಾಲದು ಎಂದು ವಾಪಸು ಬಂದಿದೆ.

"ಸಾವಿರಾರು ಮಂದಿ ನನ್ನ ನೋಡ್ಯಾರ ತಮ್ಮಾ. ಸಾಕ್ಷಿ ಹೇಳಾಕ ಒಬ್ಬರೂ ಸಿಗವಲ್ಲರು," ಎಂದು ರೊಟ್ಟಿ ತಿರುವಿ ಹಾಕಿದರು.

ಇಂದಿಗೂ ಜಾತ್ರೆಯಲ್ಲಿ ಕಂಪನಿಗಳು ಡೇರೆ ಹಾಕುತ್ತವೆ. ಆ ಕಲಾವಿದರಿಗೂ ಎರಡು ಮಾತು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಟಿ.ಸಿ. ಬರುವುದು ತಡವಾಯಿತು ಎಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ. ರೇಷನ್ ಕಾರ್ಡ್ ಒಂದೂರಿನದಾದರೂ ಇನ್ನೊಂದೂರಿನಲ್ಲಿ ಅಕ್ಕಿ ಪಡೆಯುವ ವ್ಯವಸ್ಥೆ 2022ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂದಿದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಲ್ಲಿ ಶುರುವಾಗಿದೆ, 59 ವರ್ಷದೊಳಗೆ ಹೆಸರು ಬರೆಸಬೇಕು. ಮುಖ್ಯವಾಗಿ, ಮಾಲೀಕರು ವರ್ಷಕ್ಕೊಮ್ಮೆ ಪ್ರತಿ ಕಲಾವಿದರಿಗೂ ಆಧಾರ್‌ನಲ್ಲಿರುವ ಹೆಸರು, ರಂಗದ ಹೆಸರು ಎರಡನ್ನೂ ಬರೆದು, ಸಹಿ ಸಿಕ್ಕಾ ಹಾಕಿ ಒಂದು ಚೀಟಿ ಕೊಟ್ಟರೆ ಸಾಕು. ಖರ್ಚು ಒಂದು ಕಾಗದ.

ಅಂಗಡಿಕಾರರಲ್ಲಿ ಅರಿಕೆ

ಕೊನೆಯದಾಗಿ ನಮ್ಮ ಊರಿನ ವ್ಯಾಪಾರಸ್ಥರಲ್ಲಿ ಒಂದು ಮಾತು. ಕಂಪನಿ ಕ್ಯಾಂಪ್ ಹಾಕಿದಾಗ ಹ್ಯಾಂಡ್‌ಬಿಲ್ಲಿನ ಕೆಳಗೆ ನಿಮ್ಮ ಬಟ್ಟೆ ಅಂಗಡಿ, ಸೈಕಲ್ ಶಾಪು, ಲಾಡ್ಜಿನ ಜಾಹೀರಾತು ಕೊಟ್ಟವರು ನೀವು ಅಥವಾ ನಿಮ್ಮ ತಂದೆಯವರು. ಅದನ್ನು ಅಚ್ಚು ಹಾಕಿದ್ದು ನಮ್ಮೂರ ಪ್ರೆಸ್ಸುಗಳು. ಹಳೇ ಖಾತೆ ಪುಸ್ತಕದ ನಡುವೆ, ಮಾಳಿಗೆಯ ಮೇಲೆ, ಪ್ರೆಸ್ಸಿನ ಫೈಲಿನಲ್ಲಿ ಅಂಥ ಹಾಳೆ ಇದ್ದರೆ ರದ್ದಿಗೆ ಹಾಕಬೇಡಿ. ನಮ್ಮ ಕಚೇರಿಗೆ ತಂದು ಕೊಡಿ, ಜೆರಾಕ್ಸ್ ಮಾಡಿಸಿ ವಾಪಸು ಕೊಡುತ್ತೇವೆ. ಅಂದು ನಾಟಕ ನೋಡಿ ಇವರನ್ನು ಗುರುತಿಸಬಲ್ಲ ಹಿರಿಯರು ಖಾನಾವಳಿಗೆ ಹೋಗಿ ಮಾತಾಡಿಸಿ. ಅಫಿಡವಿಟ್‌ಗೆ ಒಂದು ಸಹಿ ಹಾಕಿದರೂ ಉಪಕಾರ.

ಸಂಬಂಧಪಟ್ಟ ಅಧಿಕಾರಿಗಳೂ ಇದನ್ನು ಗಮನಿಸುವರೇ? ಅರ್ಜಿ ವಾಪಸು ಕಳಿಸುವ ಮೊದಲು ಆ ತಾಯಿಯನ್ನು ಒಮ್ಮೆ ಎದುರಿಗೆ ನಿಲ್ಲಿಸಿಕೊಂಡು ಎರಡು ಡೈಲಾಗು ಹೇಳಿಸಲಿ. ಅದಕ್ಕಿಂತ ದೊಡ್ಡ ದಾಖಲೆ ಬೇರೆ ಬೇಕಾಗಲಾರದು.