ಎಚ್.ಐ.ವಿ. ಪರೀಕ್ಷೆ: ಕಾಲಗಣನೆಯೂ ಫಲಿತಾಂಶದ ಅರ್ಥವೂ

ರಕ್ತಪರೀಕ್ಷೆಗೆ 'ಇದೆ', 'ಇಲ್ಲ' ಎಂಬ ಎರಡೇ ಉತ್ತರಗಳೆಂಬುದು ಸಾಮಾನ್ಯ ಭಾವನೆ. ಆದರೆ ಎಚ್.ಐ.ವಿ. ಪರೀಕ್ಷೆಯ ಉತ್ತರವು ನಾವು ಪ್ರಶ್ನೆಯನ್ನು ಯಾವ ದಿನ ಕೇಳಿದೆವೆಂಬುದನ್ನೂ ಅವಲಂಬಿಸಿದೆ. ಪದವಿ ತರಗತಿಗಳಲ್ಲಿ ನಾವು ಎಲೈಸಾ ವಿಧಾನವನ್ನು ಚಿತ್ರ ಬರೆದು ವಿವರಿಸುವುದುಂಟು. ಆದರೆ ಶಂಕೆಯಿಂದ ನಿದ್ರೆಗೆಟ್ಟ ತರುಣನೊಬ್ಬನು ಬಂದು, ಯಾವಾಗ ಪರೀಕ್ಷಿಸಿಕೊಳ್ಳಬೇಕು, ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ಕೇಳಿದರೆ, ಆ ಚಿತ್ರದಿಂದ ಅವನಿಗೆ ಸಮಾಧಾನ ದೊರೆಯದು. ಈ ಎರಡು ಪ್ರಶ್ನೆಗಳನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವೈರಾಣುವನ್ನು 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಕಂಡುಹಿಡಿದರು. 1985ರಲ್ಲಿ ಇದಕ್ಕೆ ಸಂಬಂಧಿಸಿದ ಮೊದಲ ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮರುವರ್ಷವೇ, ಎಂದರೆ 1986ರಲ್ಲಿ, ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡದ ಪ್ರಯತ್ನದಿಂದ ಭಾರತದ ಮೊದಲ ಸೋಂಕುಗಳು ಬೆಳಕಿಗೆ ಬಂದುವು. ಅಂದಿನಿಂದ ಪರೀಕ್ಷೆಗಳು ಬಹಳ ಸುಧಾರಿಸಿವೆ. ಆದರೂ ಸೋಂಕು ತಗಲಿದ ದಿನವೇ ಅದನ್ನು ತೋರಿಸಬಲ್ಲ ಪರೀಕ್ಷೆಯು ಇಂದಿಗೂ ಇಲ್ಲ.

1. ಪರೀಕ್ಷೆಯು ಕಾಣುವುದೇನು?

ಬಿತ್ತಿದ ಮರುದಿನ ಹೊಲದಲ್ಲಿ ಮೊಳಕೆಯನ್ನು ಹುಡುಕುವವರಿಲ್ಲ. ಸೋಂಕಿನ ಸಂಗತಿಯೂ ಇಂತಹುದೇ. ದೇಹವನ್ನು ಹೊಕ್ಕ ವೈರಾಣು ಮೊದಲು ಸ್ಥಳೀಯ ಜೀವಕೋಶಗಳಲ್ಲಿ ವೃದ್ಧಿಹೊಂದುತ್ತದೆ. ಸುಮಾರು ಹತ್ತು ದಿನಗಳವರೆಗೆ ರಕ್ತದಲ್ಲಿ ಯಾವ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಅನಂತರ ಮೂರು ಗುರುತುಗಳು ಕ್ರಮವಾಗಿ ತೋರುತ್ತವೆ: ಮೊದಲನೆಯದು ವೈರಾಣುವಿನ ಆರ್.ಎನ್.ಎ.; ಎರಡನೆಯದು ಅದರ ತಿರುಳಿನ ಪ್ರೋಟೀನಾದ ಪಿ-24 ಎಂಬ ಪ್ರತಿಜನಕ; ಮೂರನೆಯದು ಇವುಗಳಿಗೆ ಎದುರಾಗಿ ನಮ್ಮ ದೇಹವೇ ನಿರ್ಮಿಸುವ ಪ್ರತಿಕಾಯ. ಮೊದಲ ಎರಡು ವೈರಾಣುವಿನ ಭಾಗಗಳು. ಮೂರನೆಯದು ದೇಹದ ಪ್ರತಿಕ್ರಿಯೆ. ಆದುದರಿಂದಲೇ ಅದು ತಡವಾಗಿ ಬರುತ್ತದೆ.

ಪರೀಕ್ಷೆಯು ಯಾವ ಗುರುತನ್ನು ಅರಸುವುದೋ ಅದಕ್ಕನುಗುಣವಾಗಿ ಅದರ ಅವಧಿಯೂ ಬೇರೆಯಾಗುತ್ತದೆ. ಆರ್.ಎನ್.ಎ. ಪರೀಕ್ಷೆಯು ಸಾಮಾನ್ಯವಾಗಿ 10ರಿಂದ 33 ದಿನಗಳ ನಡುವೆ ಸೋಂಕನ್ನು ತೋರಿಸತೊಡಗುತ್ತದೆ. ರಕ್ತನಾಳದಿಂದ ತೆಗೆದ ರಕ್ತದಲ್ಲಿ ಪ್ರತಿಜನಕ, ಪ್ರತಿಕಾಯಗಳೆರಡನ್ನೂ ಹುಡುಕುವ 'ನಾಲ್ಕನೆಯ ತಲೆಮಾರಿನ' ಪರೀಕ್ಷೆಗೆ 18ರಿಂದ 45 ದಿನಗಳು ಬೇಕು. ಪ್ರತಿಕಾಯವನ್ನು ಮಾತ್ರ ನೋಡುವ ಪರೀಕ್ಷೆಗೆ 23ರಿಂದ 90 ದಿನಗಳು ಬೇಕು. ಬೆರಳತುದಿಯ ರಕ್ತದಿಂದ ಮಾಡುವ ಶೀಘ್ರಪರೀಕ್ಷೆಗಳಲ್ಲಿ ಬಹುಪಾಲು ಈ ವರ್ಗದವು. ಸಂಪರ್ಕದ ದಿನದಿಂದ ಪರೀಕ್ಷೆಯು ಸೋಂಕನ್ನು ವಿಶ್ವಾಸಾರ್ಹವಾಗಿ ಕಾಣಬಲ್ಲ ದಿನದವರೆಗಿನ ಈ ಅಂತರಕ್ಕೆ 'ವಿಂಡೋ ಪೀರಿಯಡ್', ಅಥವಾ ಗವಾಕ್ಷಿ ಅವಧಿ, ಎಂದು ಹೆಸರು.

2. ನಕಾರಾತ್ಮಕ ಫಲಿತಾಂಶ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಜೂನ್ 1ರಂದು ಒಬ್ಬನಿಗೆ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕವಾಯಿತೆಂದಿಟ್ಟುಕೊಳ್ಳಿ. ಜೂನ್ 8ರಂದು ಅವನು ಪರೀಕ್ಷೆ ಮಾಡಿಸಿಕೊಂಡು 'ಇಲ್ಲ' ಎಂಬ ಉತ್ತರವನ್ನು ಪಡೆದರೆ, ಅದು ಜೂನ್ 1ರ ವಿಷಯವಾಗಿ ಏನನ್ನೂ ಹೇಳಿದಂತಾಗಲಿಲ್ಲ; ಅದಕ್ಕೆ ಬಹು ಹಿಂದೆ ತಗಲಿದ ಸೋಂಕು ಇರಲಿಲ್ಲವೆಂದಷ್ಟೇ ಹೇಳಿತು. ಹಾಗೆಂದು ಅದು ನಿರರ್ಥಕವಲ್ಲ, ಮುಂದಿನ ಪರೀಕ್ಷೆಗಳಿಗೆ ಅದೇ ಆಧಾರರೇಖೆ. ನಾಲ್ಕನೆಯ ತಲೆಮಾರಿನ ಪರೀಕ್ಷೆಯಾದರೆ 45 ದಿನಗಳು ತುಂಬುವ ಜುಲೈ 16ರ ಅನಂತರದ ಉತ್ತರವನ್ನೂ, ಪ್ರತಿಕಾಯ ಪರೀಕ್ಷೆಯಾದರೆ 90 ದಿನಗಳು ತುಂಬುವ ಆಗಸ್ಟ್ 30ರ ಅನಂತರದ ಉತ್ತರವನ್ನೂ ನಿರ್ಣಾಯಕವೆಂದು ತಿಳಿಯಬಹುದು. ಈ ನಡುವೆ ಮತ್ತೊಂದು ಸಂಪರ್ಕವಾದರೆ ಎಣಿಕೆಯು ಅಲ್ಲಿಂದ ಹೊಸದಾಗಿ ಮೊದಲಾಗುತ್ತದೆ.

ಸೂಕ್ತ ಪರೀಕ್ಷೆಯಲ್ಲಿ ಅವಧಿ ಮುಗಿದ ಮೇಲೆ ಬಂದ 'ಇಲ್ಲ' ಎಂಬ ಉತ್ತರವನ್ನು ನಂಬತಕ್ಕುದು. ಹೊಸ ಸಂಪರ್ಕವಿಲ್ಲದೆ, ಭಯದ ಕಾರಣದಿಂದಲೇ ಅದನ್ನು ಮತ್ತೆ ಮತ್ತೆ ಮಾಡಿಸುವುದರಿಂದ ಜ್ಞಾನವು ಹೆಚ್ಚುವುದಿಲ್ಲ, ಭಯವೇ ಬೆಳೆಯುತ್ತದೆ.

ರೋಗಲಕ್ಷಣಗಳಿಂದ ತೀರ್ಮಾನಿಸುವುದೂ ಸಲ್ಲದು. ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗಂದೆ ಕಾಣಿಸಿಕೊಳ್ಳುವುದು ನಿಜ. ಆದರೆ ಶೀತಜ್ವರ, ಡೆಂಗಿಗಳಲ್ಲಿಯೂ ಇಂತಹವೇ ತೋರುತ್ತವೆ. ಸೋಂಕುಳ್ಳ ಹಲವರಲ್ಲಿ ಏನೂ ತೋರದೆಯೂ ಇರಬಹುದು. ಜೊತೆಗಾರನ ಅಥವಾ ಜೊತೆಗಾತಿಯ ಪರೀಕ್ಷೆಯೂ ತನ್ನ ಪರೀಕ್ಷೆಗೆ ಬದಲಾಗಲಾರದು.

3. ಸಕಾರಾತ್ಮಕ ಫಲಿತಾಂಶ

ಇಲ್ಲಿ ಸ್ವಲ್ಪ ಗಣಿತವು ಅಗತ್ಯ. ಹತ್ತು ಸಾವಿರ ಜನರಲ್ಲಿ 20 ಮಂದಿಗೆ ಸೋಂಕಿದೆಯೆಂದೂ, ಪರೀಕ್ಷೆಯು ಆ ಇಪ್ಪತ್ತು ಮಂದಿಯನ್ನೂ ಹಿಡಿಯುವುದೆಂದೂ, ಸೋಂಕಿಲ್ಲದವರಲ್ಲಿ ಇನ್ನೂರಕ್ಕೆ ಒಬ್ಬರಲ್ಲಿ ಮಾತ್ರ ತಪ್ಪುವುದೆಂದೂ ಊಹಿಸೋಣ. ಉಳಿದ 9,980 ಮಂದಿಯಲ್ಲಿ ಸುಮಾರು 50 ಮಂದಿಗೆ 'ಇದೆ' ಎಂಬ ತಪ್ಪು ಉತ್ತರ ಬರುತ್ತದೆ. ಹೀಗೆ ಒಟ್ಟು 70 'ಇದೆ' ಎಂಬ ಉತ್ತರಗಳಲ್ಲಿ ನಿಜವಾದವು 20 ಮಾತ್ರ! ಪರೀಕ್ಷೆಯು ಕೆಟ್ಟದಾದುದರಿಂದ ಹೀಗಾದುದಲ್ಲ; ಸೋಂಕು ವಿರಳವಾದುದರಿಂದ ಹೀಗಾದುದು. ಈ 70 ಮಂದಿಯನ್ನು ಬೇರೆ ಪ್ರತಿಜನಕಗಳನ್ನು ಬಳಸುವ, ಅಷ್ಟೇ ನಿಖರವಾದ ಎರಡನೆಯ ಪರೀಕ್ಷೆಗೆ ಒಡ್ಡಿದರೆ, ತಪ್ಪು ಉತ್ತರವುಳ್ಳ 50 ಮಂದಿಯಲ್ಲಿ ಒಬ್ಬನೂ ಉಳಿಯುವ ಸಂಭವ ಕಡಮೆ. ರೋಗಲಕ್ಷಣವಿಲ್ಲದವರಲ್ಲಿ ಸೋಂಕನ್ನು ದೃಢಪಡಿಸಲು ನಮ್ಮ ದೇಶದಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳನ್ನು ಮಾಡುವುದರ ತತ್ತ್ವವು ಇದೇ. ಒಂದೇ ಶೀಘ್ರಪರೀಕ್ಷೆಯ ಗೆರೆಯನ್ನು ನೋಡಿ ಯಾರೂ ತಮ್ಮ ಬಾಳಿನ ತೀರ್ಪನ್ನು ಬರೆದುಕೊಳ್ಳಬಾರದು.

4. ಕಾಯುವ ಕಾಲದ ಕರ್ತವ್ಯಗಳು

ಎಲ್ಲಕ್ಕಿಂತ ತುರ್ತಾದ ಗಡುವು 45 ದಿನಗಳದಲ್ಲ, 72 ಗಂಟೆಗಳದು. ಅಷ್ಟರೊಳಗೆ ವೈದ್ಯರನ್ನು ಕಂಡು ವೈರಾಣು ನಿರೋಧಕ ಮಾತ್ರೆಗಳನ್ನು ಆರಂಭಿಸಿ, 28 ದಿನ ಬಿಡದೆ ಸೇವಿಸಿದರೆ ಸೋಂಕು ನೆಲೆಯೂರುವುದನ್ನು ಬಹುಮಟ್ಟಿಗೆ ತಡೆಯಬಹುದು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಲೇಸು. ಆದರೆ ಈ ಮಾತ್ರೆಗಳು ಗುರುತುಗಳು ತೋರುವುದನ್ನು ವಿಳಂಬಗೊಳಿಸಬಲ್ಲವು. ಆದಕಾರಣ ಅಂತಹವರಿಗೆ ಮೇಲಿನ ಎಣಿಕೆಯು ಅನ್ವಯಿಸದು. ವೈದ್ಯರು ಗೊತ್ತುಮಾಡಿದ ದಿನಗಳಲ್ಲಿಯೇ ಅವರು ಪರೀಕ್ಷೆಗೆ ಹೋಗಬೇಕು.

ಸೋಂಕಿನ ಮೊದಲ ವಾರಗಳಲ್ಲಿ ರಕ್ತದಲ್ಲಿನ ವೈರಾಣುಗಳ ಸಂಖ್ಯೆಯು ಅತ್ಯಧಿಕವಾಗಿರುತ್ತದೆ. ಎಂದರೆ, ಪ್ರತಿಕಾಯ ಪರೀಕ್ಷೆಯು 'ಇಲ್ಲ' ಎನ್ನುತ್ತಿರುವ ಕಾಲದಲ್ಲಿಯೇ ಇತರರಿಗೆ ಹರಡುವ ಅಪಾಯ ಹೆಚ್ಚು. ಆ ಕಾಲದಲ್ಲಿ ಕಾಂಡೋಮಿನ ಬಳಕೆ ಅವಶ್ಯ, ರಕ್ತದಾನವಂತೂ ಕೂಡದು. ಉಚಿತವಾಗಿ ಪರೀಕ್ಷೆಯಾಗುವುದೆಂದು ರಕ್ತದಾನದ ಶಿಬಿರಕ್ಕೆ ಹೋಗುವವನು ತನ್ನ ಸಂದೇಹವನ್ನು ಮತ್ತೊಬ್ಬರ ರಕ್ತನಾಳಕ್ಕೆ ದಾಟಿಸಿದಂತಾದೀತು. ಉಚಿತ ಪರೀಕ್ಷೆಗೂ ಸಲಹೆಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಐ.ಸಿ.ಟಿ.ಸಿ. ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. 1097 ಎಂಬ ಉಚಿತ ದೂರವಾಣಿಯೂ ಉಂಟು. 2017ರಲ್ಲಿ ಅಂಗೀಕೃತವಾಗಿ 2018ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು, ಫಲಿತಾಂಶವು ಗೋಪ್ಯ, ಉದ್ಯೋಗಕ್ಕಾಗಲಿ ವಿದ್ಯಾಭ್ಯಾಸಕ್ಕಾಗಲಿ ಈ ಪರೀಕ್ಷೆಯನ್ನು ಷರತ್ತಾಗಿ ವಿಧಿಸುವಂತಿಲ್ಲ. ಕಾಲೇಜುಗಳಲ್ಲಿರುವ ನಾವು ಈ ಕೊನೆಯ ಮಾತನ್ನು ವಿಶೇಷವಾಗಿ ನೆನಪಿಡಬೇಕು.

ಕೊನೆಗೆ, ಮೂರು ಪರೀಕ್ಷೆಗಳೂ 'ಇದೆ' ಎಂದರೇನು ಗತಿ? 2004ರಿಂದ ನಮ್ಮಲ್ಲಿ ಸರ್ಕಾರವೇ ಉಚಿತ ಚಿಕಿತ್ಸೆಯನ್ನು ನೀಡುತ್ತಿದೆ. 2017ರಿಂದ ರೋಗವು ಮುಂದುವರಿಯುವುದನ್ನು ಕಾಯದೆ, ಸೋಂಕು ದೃಢಪಟ್ಟ ಎಲ್ಲರಿಗೂ ಅದು ದೊರೆಯುತ್ತಿದೆ. ಮಾತ್ರೆಗಳನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಕಡಮೆಯಾಗಿ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದೂ ಸಿದ್ಧವಾಗಿದೆ. ಅಂತಹವರು ಓದಬಹುದು, ದುಡಿಯಬಹುದು, ಮದುವೆಯಾಗಿ ಮಕ್ಕಳನ್ನು ಪಡೆಯಬಹುದು. ಹೀಗಿರುವಲ್ಲಿ ತಿಳಿಯುವುದಕ್ಕಿಂತ ತಿಳಿಯದಿರುವುದೇ ಹೆಚ್ಚು ಅಪಾಯಕರ. ಸಂದೇಹವನ್ನು ಹೊತ್ತು ಬಂದ ವಿದ್ಯಾರ್ಥಿಗೆ ಅಧ್ಯಾಪಕರು ನೀತಿಬೋಧೆಗೆ ಮುನ್ನ ಕೇಳಬೇಕಾದ ಪ್ರಶ್ನೆಯು ಒಂದೇ: ಎಷ್ಟು ದಿನವಾಯಿತು?