ಕೊಬ್ಬೇರಿದ ಯಕೃತ್ತೂ ಜೀವಸತ್ವಗಳೂ

ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರ ವರದಿಯಲ್ಲಿ ಈಗ ಪದೇ ಪದೇ ಕಾಣುವ ಮಾತು 'ಫ್ಯಾಟಿ ಲಿವರ್'. ಅದರ ಜೊತೆಗೇ ರಕ್ತಪರೀಕ್ಷೆಯ ವರದಿಯಲ್ಲಿ 'ವಿಟಮಿನ್ ಡಿ ಕಡಿಮೆ' ಎಂದೋ 'ಬಿ12 ಕಡಿಮೆ' ಎಂದೋ ಬರೆದಿರುವುದೂ ಉಂಟು. ಎರಡನ್ನೂ ಒಟ್ಟಿಗೆ ಓದಿದ ಮನೆಯವರು, ಕೊರತೆಯನ್ನು ತುಂಬಿದರೆ ಕೊಬ್ಬು ತಾನಾಗಿ ಕರಗೀತೆಂದು ಎಣಿಸಿ ಔಷಧದ ಅಂಗಡಿಗೆ ನಡೆಯುವುದು ಸಹಜ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸೋಣ.

ಯಕೃತ್ತನ್ನು ಶಾಲೆಯ ಪುಸ್ತಕಗಳು ಪಿತ್ತಜನಕಾಂಗ ಎನ್ನುತ್ತವೆ. ಬಲಗಡೆ ಪಕ್ಕೆಲುಬುಗಳ ಮರೆಯಲ್ಲಿರುವ ಈ ಅಂಗದ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಇದು ದೇಹದ ಉಗ್ರಾಣವೂ ಹೌದು, ಅಡುಗೆಮನೆಯೂ ಹೌದು. 'ಎ' ಮತ್ತು 'ಬಿ12' ಜೀವಸತ್ವಗಳನ್ನು ಇದು ಕೂಡಿಡುತ್ತದೆ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟಿದ 'ಡಿ' ಜೀವಸತ್ವ ಮೊದಲ ಮಾರ್ಪಾಡು ಹೊಂದುವುದೂ ಇಲ್ಲಿಯೇ. ಇಲ್ಲಿನ ಜೀವಕೋಶಗಳಲ್ಲಿ 100ಕ್ಕೆ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದರೆ ಅದನ್ನು ಕೊಬ್ಬೇರಿದ ಯಕೃತ್ತು ಎನ್ನುತ್ತಾರೆ. ಮದ್ಯಪಾನ ಇದಕ್ಕೊಂದು ಕಾರಣ. ಮದ್ಯವನ್ನು ಮುಟ್ಟದವರಿಗೂ ಬೊಜ್ಜು, ಸಕ್ಕರೆ ಕಾಯಿಲೆಗಳ ಜೊತೆಯಲ್ಲಿ ಇದು ಬರುತ್ತದೆ. ವರ್ಷಗಟ್ಟಲೆ ನೋವಿಲ್ಲ, ಸದ್ದಿಲ್ಲ. ಕೆಲವರಲ್ಲಿ ಮಾತ್ರ ಉರಿಯೂತ ಹುಟ್ಟಿ, ಅಂಗ ಗಾಯದ ಕಲೆಗಟ್ಟಿ ಗಡುಸಾಗುತ್ತದೆ. ಭಯವಿರುವುದು ಅಲ್ಲಿ.

ಪೋಷಕಾಂಶದ ಕೊರತೆಯಿಂದಲೇ ಯಕೃತ್ತಿನಲ್ಲಿ ಕೊಬ್ಬು ನಿಲ್ಲುವುದುಂಟೆ? ಉಂಟು. 1930ರ ದಶಕದ ಆರಂಭದಲ್ಲಿ ಟೊರಾಂಟೊ ನಗರದಲ್ಲಿ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕೋಲೀನ್ ಎಂಬ ವಸ್ತು ಸಾಲದಿದ್ದರೆ ಹೀಗಾಗುವುದೆಂದು ತೋರಿಸಿದರು. ಮೊಟ್ಟೆ, ಸೋಯಾ ಅವರೆ, ಕಡಲೆಕಾಯಿಗಳಲ್ಲಿ ಕೋಲೀನ್ ಇದೆ. ಸಸಾರಜನಕ ಸಾಲದೆ ಮೈ ಊದಿಕೊಂಡ ಮಕ್ಕಳಲ್ಲೂ ಯಕೃತ್ತು ಕೊಬ್ಬೇರುತ್ತದೆ. ಕೊಬ್ಬನ್ನು ಹೊರಕ್ಕೆ ಸಾಗಿಸುವ ಗಾಡಿಯೇ ಇಲ್ಲದಂತಾಗುವುದು ಇದಕ್ಕೆ ಕಾರಣ.

ಆದರೆ ನಮ್ಮ ಊರುಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ಹಸಿವಿನ ಕಾಯಿಲೆಯಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ. ಅಂದಿನ ಕುಲುಮೆಯ ಮುಂದೆ ದುಡಿದವನಿಗೂ ಗದ್ದೆಯಲ್ಲಿ ನಾಟಿ ಮಾಡಿದವಳಿಗೂ ತಟ್ಟೆ ತುಂಬ ಅನ್ನ ಬೇಕಾಗಿತ್ತು. ಮೊಮ್ಮಕ್ಕಳ ಕಾಲಕ್ಕೆ ಅನ್ನ ಉಳಿಯಿತು, ಅದನ್ನು ಅರಗಿಸುತ್ತಿದ್ದ ದುಡಿಮೆ ಉಳಿಯಲಿಲ್ಲ. ಕುಳಿತು ಮಾಡುವ ಕೆಲಸ ಕೊಬ್ಬನ್ನು ಕೂಡಿಸುತ್ತದೆ, ಬಿಸಿಲನ್ನೂ ತಪ್ಪಿಸುತ್ತದೆ. ಸಾಲದ್ದಕ್ಕೆ, ಇದ್ದ 'ಡಿ' ಜೀವಸತ್ವದ ಒಂದು ಪಾಲು ಮೈಯ ಬೊಜ್ಜಿನಲ್ಲೇ ಅಡಗಿ ಕೂರುತ್ತದೆ. ಹೀಗಾಗಿ ಕೊಬ್ಬೇರಿದ ಯಕೃತ್ತಿನವರ ರಕ್ತದಲ್ಲಿ 'ಡಿ' ಕಡಿಮೆ ಕಂಡರೆ, ಒಂದು ಇನ್ನೊಂದಕ್ಕೆ ತಾಯಿ ಎನ್ನುವಂತಿಲ್ಲ. ಅನೇಕ ವೇಳೆ ಎರಡೂ ಒಂದೇ ತಾಯಿಯ ಮಕ್ಕಳು. 'ಡಿ' ಮಾತ್ರೆ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಯಕೃತ್ತಿನ ಕೊಬ್ಬು ಖಚಿತವಾಗಿ ಇಳಿಯುವುದು ಸಿದ್ಧವಾಗಿಲ್ಲ. ಕೊರತೆ ನಿಜವಾಗಿ ಇದ್ದರೆ ಮೂಳೆಯ ಹಿತಕ್ಕಾಗಿ ಅದನ್ನು ತುಂಬಬೇಕು. ಅದು ಬೇರೆ ಮಾತು.

'ಬಿ12' ವಿಷಯ ಇನ್ನೂ ಸೂಕ್ಷ್ಮ. ಸಸ್ಯಾಹಾರಿಗಳಿಗೆ ಇದು ದೊರೆಯುವುದು ಹಾಲು ಮೊಸರುಗಳಿಂದ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗುವವರಲ್ಲಿ ಇದು ತಗ್ಗಬಹುದು. ಆದರೆ ಯಕೃತ್ತು ಬಹಳ ಕೆಟ್ಟಾಗ, ಕೂಡಿಟ್ಟ 'ಬಿ12' ರಕ್ತಕ್ಕೆ ಸೋರಿ ಅಂಕಿ ಹೆಚ್ಚಾಗಿಯೂ ತೋರಬಹುದು. ಆದುದರಿಂದ ಅಂಕಿಯೊಂದನ್ನೇ ನೋಡಿ ನಿಶ್ಚಿಂತರಾಗುವುದೂ ಸಲ್ಲದು, ಗಾಬರಿಯಾಗುವುದೂ ಸಲ್ಲದು.

ಇನ್ನು 'ಇ' ಜೀವಸತ್ವ. 2010ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆಯಿಲ್ಲದೆ ಯಕೃತ್ತಿನ ಉರಿಯೂತವಿದ್ದವರಿಗೆ ದಿನಕ್ಕೆ 800 ಯೂನಿಟ್‌ನಂತೆ 96 ವಾರ ಕೊಟ್ಟರು. 100ಕ್ಕೆ 43 ಮಂದಿಗೆ ಗುಣ ಕಂಡಿತು. ಬರಿಯ ತೋರಿಕೆಯ ಮಾತ್ರೆ ನುಂಗಿದವರಲ್ಲಿ ಗುಣ ಕಂಡದ್ದು 100ಕ್ಕೆ 19 ಮಂದಿಗೆ. ಇದು ಸಣ್ಣ ಲಾಭವಲ್ಲ. ಆದರೆ 2011ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪರೀಕ್ಷೆಯಲ್ಲಿ, ದಿನಕ್ಕೆ 400 ಯೂನಿಟ್ 'ಇ' ಸೇವಿಸಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ನೂರಕ್ಕೆ 17ರಷ್ಟು ಹೆಚ್ಚಾಗಿ ಕಂಡಿತು. ಆದುದರಿಂದ ಇದು ವೈದ್ಯರು ಆಯ್ದು ಕೊಡಬೇಕಾದ ಔಷಧ, ನೆರೆಯವರ ಮಾತು ಕೇಳಿ ಕೊಳ್ಳುವ ಟಾನಿಕ್ ಅಲ್ಲ. 'ಎ' ಜೀವಸತ್ವವಂತೂ ಮಿತಿಮೀರಿದರೆ ಯಕೃತ್ತನ್ನೇ ಕೆಡಿಸುತ್ತದೆ. 'ಜೀವಸತ್ವ' ಎಂಬ ಹೆಸರಿನಲ್ಲಿ 'ಸತ್ವ' ಇರುವುದರಿಂದ ಹೆಚ್ಚು ನುಂಗಿದಷ್ಟೂ ಹೆಚ್ಚು ಸತ್ವವೆಂದು ತೋರುತ್ತದೆ. ಶಬ್ದದ ಅರ್ಥವನ್ನು ಅಷ್ಟು ದೂರ ಎಳೆಯಬಾರದು.

ಹಾಗಾದರೆ ಮಾಡುವುದೇನು? ಮೈತೂಕ ಹೆಚ್ಚಿರುವವರು ಅದರಲ್ಲಿ 100ಕ್ಕೆ 5ರಷ್ಟನ್ನು ಇಳಿಸಿದರೆ ಯಕೃತ್ತಿನ ಕೊಬ್ಬು ತಗ್ಗುತ್ತದೆ. 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ಶಮನವಾಗತೊಡಗುತ್ತದೆ. 80 ಕಿಲೋ ತೂಗುವವರಿಗೆ ಮೊದಲ ಮೆಟ್ಟಿಲು 4 ಕಿಲೋ ಮಾತ್ರ. ಅದನ್ನು ನಿಧಾನವಾಗಿಯೇ ಇಳಿಸಬೇಕು. ಅನ್ನ, ಅಕ್ಕಿರೊಟ್ಟಿ, ಕಡುಬುಗಳನ್ನು ಬಿಡಬೇಕಾಗಿಲ್ಲ. ಒಂದು ರೊಟ್ಟಿ ಕಡಿಮೆ ಮಾಡಿ, ಆ ಜಾಗಕ್ಕೆ ಹುರುಳಿ ಇಲ್ಲವೆ ಹೆಸರುಕಾಳಿನ ಪಲ್ಯ, ನುಗ್ಗೆ ಅಥವಾ ಹರಿವೆಸೊಪ್ಪು ಬರಲಿ. ಸಿಹಿ ಪಾನೀಯಗಳೂ ಮದ್ಯವೂ ದೂರವಿರಲಿ. ವಾರದಲ್ಲಿ 5 ದಿನ ಅರ್ಧ ಗಂಟೆಯಂತೆ ಬಿರುಸಾದ ನಡಿಗೆ ಇರಲಿ. ಸ್ವಲ್ಪ ಬಿಸಿಲೂ ಮೈಗೆ ತಾಕಲಿ.

ಕೇಂದ್ರ ಸರ್ಕಾರ 2021ರಲ್ಲಿ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ವರದಿಯಲ್ಲಿ ಆ ಎರಡು ಪದ ಕಂಡಾಗ, ಸಕ್ಕರೆ ಮತ್ತು ರಕ್ತದೊತ್ತಡಗಳನ್ನೂ ಪರೀಕ್ಷಿಸಿಕೊಂಡು ವೈದ್ಯರನ್ನು ಕಾಣುವುದು ಮೊದಲ ಕೆಲಸ. ಮಾತ್ರೆ ಬೇಕೆ, ಬೇಕಾದರೆ ಯಾವುದು, ಎಷ್ಟು ದಿನ ಎಂಬುದನ್ನು ಅವರೇ ಹೇಳಲಿ.