ವಿಯೆಟ್ನಾಮೀ ಬರವಣಿಗೆಯೂ ಕೀಲಿಮಣೆಯೂ

ವಿಯೆಟ್ನಾಮೀ ಭಾಷೆಯಲ್ಲಿ ‘ಮಾ’ ಎಂದು ಸಮಸ್ವರದಲ್ಲಿ ನುಡಿದರೆ ದೆವ್ವ. ಏರುಸ್ವರದಲ್ಲಿ ನುಡಿದರೆ, ದಕ್ಷಿಣದವರ ಮಾತಿನಲ್ಲಿ, ತಾಯಿ. ಬರವಣಿಗೆಯಲ್ಲಿ ಇಂತಹ ಸ್ವರಭೇದಗಳು 6 ಉಂಟು. ಲಿಪಿ ರೋಮನ್, ಸಮಸ್ವರವನ್ನುಳಿದು ಮಿಕ್ಕ 5 ಸ್ವರಗಳಿಗೂ ಒಂದೊಂದು ಚಿಹ್ನೆ. ಚಿಹ್ನೆ ತಪ್ಪಿದರೆ ತಾಯಿಗೆ ಬರೆದ ಓಲೆ ದೆವ್ವಕ್ಕೆ ಬರೆದಂತಾಗುವುದು!

ಸಾಮಾನ್ಯ ಕೀಲಿಮಣೆಯಲ್ಲಿ ಈ ಚಿಹ್ನೆಗಳಿಲ್ಲ. ಆದುದರಿಂದ ‘ಟೆಲೆಕ್ಸ್’ ಪದ್ಧತಿಯಲ್ಲಿ ಪದದ ಕೊನೆಗೆ ‘ಎಸ್’ ಒತ್ತಿದರೆ ಏರುಸ್ವರದ ಚಿಹ್ನೆ ಮೂಡುವುದು. ಇದು ನಡೆಯುವ ಬಗೆ ಹೇಗೆ? ‘ಯುನಿಕೀ’ಯಂತಹ ತಂತ್ರಾಂಶವು ಬ್ಯಾಕ್‌ಸ್ಪೇಸ್ ಸಂಕೇತವನ್ನು ಕಳುಹಿಸಿ ಹಳೆಯ ಅಕ್ಷರವನ್ನು ಅಳಿಸಿ, ಚಿಹ್ನೆಯುಳ್ಳ ಅಕ್ಷರವನ್ನು ಅಲ್ಲಿರಿಸುವುದು.

ತೊಡಕು ಹುಟ್ಟುವುದು ಇಲ್ಲಿಯೇ. ಹರಟೆಯ ತಂತ್ರಾಂಶವು ಪದದ ಮುಂದಿನ ಭಾಗವನ್ನು ತಾನೇ ಊಹಿಸಿ ಸೇರಿಸಿದ್ದರೆ, ಬ್ಯಾಕ್‌ಸ್ಪೇಸ್ ಸಂಕೇತವು ಆ ಊಹೆಯನ್ನು ಮಾತ್ರ ಅಳಿಸುವುದು. ಹಳೆಯ ಅಕ್ಷರ ಉಳಿಯುವುದು. ಅದರ ಪಕ್ಕದಲ್ಲಿಯೇ ಹೊಸದೂ ಬಂದು ನಿಲ್ಲುವುದು.

ಪರಿಹಾರವೇನು? ಮೊದಲು, ಊಹಿಸಿ ಸೇರಿಸುವ ಏರ್ಪಾಡನ್ನು ನಿಲ್ಲಿಸಬೇಕು. ಎರಡನೆಯದಾಗಿ, ಇಂತಹ ಎರಡು ಟಂಕನ ಸಾಧನಗಳನ್ನು ಏಕಕಾಲದಲ್ಲಿ ನಡೆಸಬಾರದು. ಒಂದೇ ಕೀಲಿಗೆ ಎರಡೂ ಅಳಿಸತೊಡಗಿದರೆ ಪದವೇ ಕೆಡುವುದು. ಮೂರನೆಯದಾಗಿ, ಅಕ್ಷರಸಂಕೇತವಾಗಿ ‘ಯುನಿಕೋಡ್’ ಅನ್ನೇ ಆರಿಸಬೇಕು. ಹಳೆಯ ಸಂಕೇತಗಳಾದರೆ ಓದುವವರ ಪರದೆಯಲ್ಲಿ ಬೇರೆ ಅಕ್ಷರಗಳು ಕಾಣಬಹುದು. ಅನಂತರ ‘ಎಮ್’, ‘ಎ’, ‘ಎಸ್’ ಎಂದು ಒತ್ತಿ ನೋಡಿರಿ: ತಾಯಿ ತಾಯಿಯಾಗಿಯೇ ಮೂಡುವಳು.